ಕರಬೂಜದ ಐಸ್ ಕ್ಯಾಂಡಿ

ಬುಸಾನ್, ದಕ್ಷಿಣ ಕೊರಿಯಾ
6 ಮಾರ್ಚ್ 2005

ಪ್ರೀತಿಯ ಅಕ್ಕ ಮತ್ತು ಭಾವನವರಿಗೆ,

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಅದೊಂದನ್ನು ಬಿಟ್ಟರೆ ನನಗೆ ತೊಂದರೆ ಇಲ್ಲ.

ಪಕ್ಕದ ಅನಂತಲಕ್ಷ್ಮಿ ಆಂಟಿಯ ಮನೆಗೆ ಮೂರು ಭಾನುವಾರ ಫೋನ್ ಮಾಡಿದೆ. ಮೂರು ಸಲವೂ ಭಾವನೇ ಬಂದರು. ಅಕ್ಕ ಒಮ್ಮೆ ದೇವಸ್ಥಾನಕ್ಕೆ ಹೋಗಿದ್ದಳು, ಒಮ್ಮೆ ಮಲಗಿದ್ದಳು, ಒಮ್ಮೆ ತರಕಾರಿ ತರಲು ಹೋಗಿದ್ದಳು. ಅಕ್ಕ, ಸಂಕ್ರಾಂತಿಗೆ ಬರುತ್ತೇನೆಂದು ಹೇಳಿ ಬರಲಿಲ್ಲವೆಂದು ಕೋಪವೇ? ಬೈಯದೆ ಸುಮ್ಮನಿರುವುದು ನಿನ್ನ ದೊಡ್ಡ ಕೋಪ ಎಂದು ಗೊತ್ತು. ಬೈದುಬಿಡು. ಅಮ್ಮ ಹೋದ ಮೇಲೆ ನನ್ನನ್ನು ಬೈಯಲು ನಿನ್ನ ಬಿಟ್ಟು ಬೇರೆ ಯಾರಿದ್ದಾರೆ.

ನಮ್ಮ ಹೋಟೆಲಿನ ಎದುರು ಒಬ್ಬ ಅಜ್ಜಿಯ ಅಂಗಡಿ ಇದೆ. ಅಜ್ಜಿಗೆ ಇಲ್ಲಿ ಹಲ್ಮೊನಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಈ ಚಳಿಯಲ್ಲೂ ಜನ ಅವಳ ಅಂಗಡಿಯಲ್ಲಿ ನಿಂತು ಐಸ್ ಕ್ಯಾಂಡಿ ತಿನ್ನುತ್ತಾರೆ. ಹೆಸರು ಮೆಲೋನಾ. ನೆನ್ನೆ ನನ್ನ ಕೈಗೂ ಒಂದು ಕೊಟ್ಟಳು. ಕಡ್ಡಿಗೆ ಚುಚ್ಚಿದ ಚೌಕದ ಗಟ್ಟಿ. ಎಳೆ ಸೌತೆಕಾಯಿಯನ್ನು ಸೀಳಿದರೆ ಒಳಗೆ ಕಾಣುತ್ತದಲ್ಲ, ಆ ಹಸಿರು. ನಮ್ಮ ಕ್ಯಾಂಡಿಯ ಹಾಗೆ ಕಟುಂ ಎನ್ನುವುದಿಲ್ಲ, ಹಲ್ಲು ಸುಮ್ಮನೆ ಒಳಗಿಳಿಯುತ್ತದೆ. ಹಾಲಿದೆ, ಕರಬೂಜವಿದೆ. ಇನ್ನೂ ಏನೋ ಒಂದಿದೆ, ನನಗೆ ತಿಳಿಯಲಿಲ್ಲ. ಹತ್ತು ವರ್ಷ ಅಡುಗೆ ಮಾಡಿದವನು ನಾನು. ಆದರೂ ನೀನಾಗಿದ್ದರೆ ಒಮ್ಮೆ ನೆಕ್ಕಿ ಹೇಳಿಬಿಡುತ್ತಿದ್ದೆ ಅನ್ನಿಸಿತು.

ನಮ್ಮ ಕ್ಯಾಂಡಿ ಕಾರ್ಖಾನೆಯಲ್ಲಿ ಹಾಲನ್ನು ಅಚ್ಚಿಗೆ ಹಾಕುವ ಮೊದಲು ಭಾವ ಚಮಚ ಹಿಡಿದು ನಿನ್ನ ಮುಂದೆ ನಿಲ್ಲುವುದು, ನೀನು ನಾಲಿಗೆಗೆ ತಾಗಿಸಿ "ಇನ್ನೊಂದ್ ಹಿಡಿ ಸಕ್ರೆ" ಎಂದು ತಿರುಗಿ ಹೋಗುವುದು, ಎಲ್ಲ ಕಣ್ಣಿಗೆ ಬಂತು. "ಯಜಮಾನ ಹೆಸರಿಗೆ ನಾನು, ಕಾರ್ಖಾನೆ ನಡೆಯೋದು ಅವಳ ನಾಲಿಗೇಲಿ" ಎಂದು ಭಾವ ಕ್ಯಾಂಡಿ ಮಾರುವ ಗಾಡಿಯವರಿಗೆ ಹೇಳುತ್ತಿದ್ದರಲ್ಲ.

ಮುಂದಿನ ಭಾನುವಾರವಾದರೂ ಫೋನಿಗೆ ಬಾ.

ನಿನ್ನ ಸಿದ್ದು


ಕಾಮಾಕ್ಷಿಪಾಳ್ಯ, ಬೆಂಗಳೂರು
19 ಮಾರ್ಚ್ 2005

ಚಿರಂಜೀವಿ ಸಿದ್ದೇಶನಿಗೆ ಕೃಷ್ಣಯ್ಯ ಬರೆಯುವುದು.

ನಿನ್ನ ಪತ್ರ ಬಂತು. ಶಶಿಕಲಾಗೆ ನಿನ್ನ ಮೇಲೆ ಕೋಪವಿಲ್ಲ. ಅವಳ ಬಾಯಲ್ಲಿ ಒಂದು ಹುಣ್ಣಾಗಿದೆ. ಹಲ್ಲು ತಾಗಿ ಆದದ್ದು. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಫೋನಿಗೆ ಬರುತ್ತಿಲ್ಲ. ನಿನ್ನ ಹಳೆಯ ಸ್ಲೇಟು ಅಟ್ಟದ ಮೇಲಿತ್ತು, ಹೇಳಬೇಕಾದದ್ದನ್ನು ಅದರ ಮೇಲೆ ಬರೆಯುತ್ತಾಳೆ. ಮೊದಲಿಗಿಂತ ಜಾಸ್ತಿ ಜಗಳವಾಡುತ್ತಾಳೆ. ಬರೆದದ್ದನ್ನು ಕೇಳಿಸಲಿಲ್ಲ ಎನ್ನಲು ನನಗೆ ಆಗುವುದಿಲ್ಲ.

ಕ್ಯಾಂಡಿಯ ವಿಷಯ ಎರಡು ಸಲ ಓದಿಸಿದಳು. ಆಮೇಲೆ "ಅದು ನಂಗೆ ಬೇಕು" ಎಂದು ಬರೆದಳು. ಬಿಸಿ, ಖಾರ ಬಾಯಿಗೆ ತಾಗುವ ಹಾಗಿಲ್ಲ. ತಣ್ಣಗಿನ ಗಂಜಿ, ಮಜ್ಜಿಗೆ, ಇಷ್ಟರಲ್ಲೇ ಇದ್ದಾಳೆ. ತಾನಾಗಿ ಒಂದು ಪದಾರ್ಥ ಕೇಳಿ ಬಹಳ ದಿನವಾಗಿತ್ತು. ವಿಜಯನಗರ ಮಾರ್ಕೆಟ್ಟಿನಲ್ಲಿ ಈಗ ಕರಬೂಜ ರಾಶಿ ಬಿದ್ದಿದೆ. ಮಾಡುವ ವಿಧಾನ ತಿಳಿದು ಬರೆ.

ಇನ್ನೊಂದು ವಿಷಯ. ನಾನು ಮಾಗಡಿ ರಂಗನಾಥನಿಗೆ ಹರಕೆ ಹೊತ್ತು ಸಿಹಿ ಬಿಟ್ಟಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ. ಸಿಹಿ ತಿನ್ನದವನು ಐಸ್ ಕ್ಯಾಂಡಿ ಮಾಡುತ್ತಾನೆಂದು ಗಾಡಿಯವರು ನಗುತ್ತಾರೆ. ಸದ್ಯಕ್ಕೆ ರುಚಿ ನೋಡುವುದು ಚಿಕ್ಕಗಂಗಮ್ಮ. ಕ್ಯಾಂಡಿಗೆ ಕಾಗದ ಸುತ್ತುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ನಿನಗೇ ಗೊತ್ತು. ರುಚಿಯಲ್ಲಿ ಅವಳಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಕೃಷ್ಣಯ್ಯ


ಬುಸಾನ್
1 ಏಪ್ರಿಲ್ 2005

ಅಕ್ಕ, ಭಾವ,

ಹುಣ್ಣು ಎಂದು ಓದಿ ನಿರಾಳವಾಯಿತು. ನಾನು ಏನೇನೋ ಯೋಚಿಸಿದ್ದೆ. ಆ ಹಲ್ಲು ಕೀಳಿಸಿಬಿಡು ಅಕ್ಕ, ನಿನಗೆ ಹಲ್ಲಿನ ಡಾಕ್ಟರೆಂದರೆ ಮೊದಲಿಂದಲೂ ಭಯ.

ಹಲ್ಮೊನಿಯನ್ನು ಕೂರಿಸಿಕೊಂಡು ಮೆಲೋನಾದ ಕಾಗದ ಓದಿಸಿದೆ. ನನ್ನ ಕೊರಿಯನ್ ಭಾಷೆ ಕೇಳಿ ಅವಳು ನಗುವುದೇ ಹೆಚ್ಚು. ಹಾಲು, ಸಕ್ಕರೆ, ಹಣ್ಣಿನ ರಸ ಎನ್ನುವಷ್ಟು ಅರ್ಥವಾಯಿತು. ಉಳಿದವು ಕಂಪನಿಯವರ ಪದಾರ್ಥಗಳು, ಅವು ನಮಗೆ ಬೇಡ. ಭಾವ, ನೀವು ಹೀಗೆ ಮಾಡಿ. ಒಳಗೆ ಹಸಿರಿರುವ ಹಣ್ಣು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ನಮ್ಮ ಕೇಸರಿ ಬಣ್ಣದ್ದೇ ಸಾಕು. ತೊಟ್ಟಿನ ಹತ್ತಿರ ಮೂಸಿ ನೋಡಿ ತನ್ನಿ. ಹಾಲನ್ನು ಅರ್ಧಕ್ಕೆ ಇಂಗಿಸಿ ಆರಿಸಿ. ಹಣ್ಣು ರುಬ್ಬಿ ಬೆರೆಸಿ. ಎಸೆನ್ಸ್ ಬೇಡ. ಮುಖ್ಯವಾಗಿ, ಹಣ್ಣನ್ನು ಬೇಯಿಸಬೇಡಿ. ಬೇಯಿಸಿದರೆ ಪರಿಮಳ ಹೋಗುತ್ತದೆ, ಪಾಯಸದ ಹಾಗಾಗುತ್ತದೆ. ಇದನ್ನು ಅಡುಗೆಯವನಾಗಿ ಹೇಳುತ್ತಿದ್ದೇನೆ.

ಹೋಟೆಲ್ ಚೆನ್ನಾಗಿ ನಡೆಯುತ್ತಿದೆ. ಮಾಲೀಕರು ನನ್ನನ್ನು ಬಿಟ್ಟುಕೊಡುವುದಿಲ್ಲ. ನೀವು ಹರಕೆ ಹೊತ್ತದ್ದು ವ್ಯಾಪಾರಕ್ಕಿರಬೇಕು. ದೊಡ್ಡ ಕಂಪನಿಗಳ ಐಸ್‌ಕ್ರೀಂ ಬಂದು ನಿಮ್ಮ ಗಾಡಿಗಳು ಕಡಿಮೆಯಾಗಿರಬಹುದು. ಈ ಹಸಿರು ಕ್ಯಾಂಡಿ ಹಾಕಿ ನೋಡಿ, ಬಸವೇಶ್ವರನಗರದ ಸ್ಕೂಲುಗಳ ಮುಂದೆ ಮಕ್ಕಳು ಮುತ್ತಿಕೊಳ್ಳುತ್ತಾರೆ.

ಅಕ್ಕ ತಿಂದು ಏನು ಬರೆದಳೆಂದು ಅಕ್ಷರಶಃ ತಿಳಿಸಿ.

ಸಿದ್ದು


ಕಾಮಾಕ್ಷಿಪಾಳ್ಯ
17 ಏಪ್ರಿಲ್ 2005

ಚಿರಂಜೀವಿ ಸಿದ್ದೇಶನಿಗೆ,

ಅವಳು ಬರೆದದ್ದನ್ನು ಅಕ್ಷರಶಃ ತಿಳಿಸಲು ನೀನು ಹೇಳಿದ್ದೆ. ಅದಕ್ಕೆ ಮೊದಲು ನಿನಗೆ ತಿಳಿಸದೇ ಇದ್ದದ್ದನ್ನು ತಿಳಿಸಬೇಕು.

ಅದು ಹುಣ್ಣಲ್ಲ. ನಾಲಿಗೆಯ ಎಡಬದಿಗೆ ಕ್ಯಾನ್ಸರ್. ಜನವರಿಯಲ್ಲಿ ಆಪರೇಷನ್ ಮಾಡಿ ಒಂದು ಭಾಗ ತೆಗೆದಿದ್ದಾರೆ. ಮಾತು ತೊದಲುತ್ತದೆ. ಬೇರೆಯವರ ಮುಂದೆ ತೊದಲುವುದು ಅವಳಿಗೆ ಇಷ್ಟವಿಲ್ಲ, ಆದ್ದರಿಂದ ಬಾಯೇ ತೆರೆಯುವುದಿಲ್ಲ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳು ಹುಷಾರಾಗುವವರೆಗೆ ಸಿಹಿ ಮುಟ್ಟುವುದಿಲ್ಲ ಎನ್ನುವುದು ನನ್ನ ಹರಕೆ. ಈ ವಾರ ಆಸ್ಪತ್ರೆಯಲ್ಲಿ ರೇಡಿಯೇಷನ್, ಅಂದರೆ ಕರೆಂಟ್ ಕೊಡಲು ಶುರು ಮಾಡಿದ್ದಾರೆ. ಅದು ಮುಗಿಯುವ ತನಕ ಚೆನ್ನಾಗಿ ಊಟ ಮಾಡಿ ತೂಕ ಉಳಿಸಿಕೊಳ್ಳಬೇಕು, ಇಳಿದರೆ ನಿಲ್ಲಿಸಬೇಕಾಗುತ್ತದೆ ಎಂದಿದ್ದಾರೆ. ಕರೆಂಟ್ ಕೊಟ್ಟಂತೆ ರುಚಿ ಕೆಡುತ್ತದೆ, ಎಲ್ಲವೂ ಕಹಿಯಾಗಬಹುದು ಎಂದೂ ಹೇಳಿದ್ದರು.

ಈಗ ಕ್ಯಾಂಡಿ. ನೀನು ಬರೆದ ಹಾಗೆಯೇ ಮಾಡಿದೆ. ಹಣ್ಣು ಬೇಯಿಸಲಿಲ್ಲ. ರುಬ್ಬಿ ಬೆರೆಸಿದ ತಕ್ಷಣ ಚಿಕ್ಕಗಂಗಮ್ಮ ಬೆರಳದ್ದಿ ನೋಡಿ, "ಅಣ್ಣೋ, ಇದನ್ನ ಗಾಡಿಗಾಕ್ಬೇಡಿ, ನಾನೇ ತಿಂದ್ಬುಡ್ತೀನಿ" ಎಂದಳು. ಮಾವಿನ ಕ್ಯಾಂಡಿಯ ಹಾಲನ್ನು ಒಂದು ರಾತ್ರಿ ತಣ್ಣಗೆ ಇಟ್ಟು ಮರುದಿನ ಅಚ್ಚಿಗೆ ಹಾಕುತ್ತೇವಲ್ಲ, ಇದನ್ನೂ ಹಾಗೆಯೇ ಇಟ್ಟೆ. ಹಾಗಿಟ್ಟರೇ ಕ್ಯಾಂಡಿ ನಯ.

ಮರುದಿನ ಶಶಿಕಲಾ ಒಳ್ಳೆಯ ಸೀರೆ ಉಟ್ಟುಕೊಂಡು ಕಾರ್ಖಾನೆಗೆ ಬಂದು, ಅಚ್ಚು ಇಳಿಸಿ ಕ್ಯಾಂಡಿ ಗಟ್ಟಿ ಮಾಡುವ ಉಪ್ಪುನೀರಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಳು. ಕ್ಯಾಂಡಿಯನ್ನು ಬಲಬದಿಗೆ ತಾಗಿಸಿದಳು. ತಟ್ಟೆಯಲ್ಲಿಟ್ಟು ಬರೆದಳು.

"ಕಹಿ."

"ಇಲ್ಲ ಕಣೇ, ಇನ್ನೊಂದ್ ಸಲ ನೋಡು," ಎಂದೆ.

ಮತ್ತೆ ನೋಡಿದಳು. "ಕಹಿ ಕಣ್ರೀ."

"ಅಕ್ಕೋರೆ, ನೆನ್ನೆ ನಾನೇ ನೋಡಿದೀನಿ, ಜೇನಿದ್ದಂಗಿತ್ತು," ಎಂದಳು ಚಿಕ್ಕಗಂಗಮ್ಮ. ನೀನೂ ಒಂದು ತಿಂದು ನೋಡು ಎಂದರೆ ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಯಿಲೆಯವರಿಗೆಂದು ಎತ್ತಿಟ್ಟದ್ದನ್ನು ಬೇರೆಯವರು ಬಾಯಿಗೆ ಹಾಕಬಾರದಂತೆ. ನಾನು ಮುಟ್ಟುವ ಹಾಗಿಲ್ಲ. ಆಗ ಡಾಕ್ಟರು ಹೇಳಿದ್ದನ್ನು ಶಶಿಕಲಾಗೆ ಹೇಳಿದೆ. ಇಷ್ಟು ಬೇಗ ಆಗುತ್ತದೆಂದು ನಾನೂ ತಿಳಿದಿರಲಿಲ್ಲ. ಆ ದಿನ ಬೆಳಿಗ್ಗೆಯೇ ಗಂಜಿಗೆ ಉಪ್ಪಿಲ್ಲವೆಂದು ಬರೆದಿದ್ದಳು. ಹಾಕಿದ್ದೆನೆಂದು ನನಗೆ ನೆನಪು. ಅದೂ ಇದೇ ಇರಬೇಕು.

ಅವಳು ಸ್ಲೇಟನ್ನು ಬಹಳ ಹೊತ್ತು ಒರೆಸಿದಳು. ಆಮೇಲೆ ಬರೆದಳು, "ಹಂಗಾದ್ರೆ ನನ್ ನಾಲಿಗೆ ಹೋಯ್ತು."

ಅಂದಿನಿಂದ ಗಂಜಿಯನ್ನೂ ಸರಿಯಾಗಿ ಕುಡಿಯುತ್ತಿಲ್ಲ. ರುಚಿಯೇ ಸುಳ್ಳಾದ ಮೇಲೆ ನುಂಗುವುದು ಯಾಕೆ ಎನ್ನುವ ಹಾಗೆ ಮುಖ ತಿರುಗಿಸುತ್ತಾಳೆ. ಬರಲು ಆದರೆ ಬಾ. ನೀನು ಎದುರಿಗೆ ಕೂತರೆ ನಾಲ್ಕು ತುತ್ತು ತಿಂದಾಳು.

ಕೃಷ್ಣಯ್ಯ


ಬುಸಾನ್
30 ಏಪ್ರಿಲ್ 2005

ಭಾವ,

ಪತ್ರ ಓದಿ ಅಡುಗೆಮನೆಯಲ್ಲಿ ನಿಂತುಬಿಟ್ಟೆ. ಹುಣ್ಣೆಂದು ನೀವು ಬರೆದಾಗ ನಾನು ಹಲ್ಲಿನ ಡಾಕ್ಟರ ಬಗ್ಗೆ ತಮಾಷೆ ಮಾಡಿದ್ದೆ. ಅಕ್ಕ ಅದನ್ನೂ ಓದಿಸಿಕೊಂಡಳೇ?

ಈಗ ಬರಲು ಆಗುವುದಿಲ್ಲ ಭಾವ. ಇದು ಹೋಟೆಲಿಗೆ ಸೀಸನ್, ರಜೆ ಕೇಳಿದರೆ ಕೊಡುವುದಿಲ್ಲ. ಆಗಸ್ಟಿನಲ್ಲಿ ಖಂಡಿತ ಬರುತ್ತೇನೆ. ಅಲ್ಲಿಯವರೆಗೆ ಹೇಗಾದರೂ ತಿನ್ನಿಸಿ. ನಾಲಿಗೆಗೆ ಕಹಿ ಎನ್ನಿಸಿದರೆ ಸಕ್ಕರೆ ಹೆಚ್ಚು ಹಾಕಿ ಮಾಡಿ ನೋಡಿ. ಸಣ್ಣವನಿದ್ದಾಗ ಜ್ವರದ ಮಾತ್ರೆಯನ್ನು ಅಕ್ಕ ನನಗೆ ಬೆಲ್ಲದಲ್ಲಿ ಇಟ್ಟು ಕೊಡುತ್ತಿದ್ದಳು. ನಾಲಿಗೆ ಹೋದರೆ ಹೋಗಲಿ, ಜೀವ ಇದ್ದರೆ ಸಾಕು ಎಂದು ಅವಳಿಗೆ ಹೇಳಿ.

ಸಿದ್ದು


ಕಾಮಾಕ್ಷಿಪಾಳ್ಯ
14 ಮೇ 2005

ಸಿದ್ದೇಶನಿಗೆ,

ಸಕ್ಕರೆ ಹೆಚ್ಚು ಹಾಕಿ ಮತ್ತೊಮ್ಮೆ ಮಾಡಿದೆ. ನಾಲಿಗೆಯ ತುದಿಗೆ ತಾಗಿಸಿ ತೆಗೆದಳು. ಸ್ಲೇಟನ್ನು ದೂರ ಸರಿಸಿದಳು.

ತೂಕ ಇಳಿದದ್ದರಿಂದ ಕರೆಂಟ್ ಕೊಡುವುದನ್ನು ನಿಲ್ಲಿಸಿದ್ದಾರೆ. ಮೂಗಿನಿಂದ ಟ್ಯೂಬ್ ಹಾಕಿ ಹಾಲು ಬಿಡುತ್ತೇವೆ ಎಂದರು. ಬೇಡವೆಂದು ಕೈಮುಗಿದಳು. ನಾನೂ ನರ್ಸಮ್ಮನೂ ಎಷ್ಟು ಹೇಳಿದರೂ ಒಪ್ಪಲಿಲ್ಲ.

ನೀನು ಹೇಳು ಎಂದದ್ದನ್ನು ನಾನು ಹೇಳಲಿಲ್ಲ. ನಾಲಿಗೆ ಹೋದರೆ ಹೋಗಲಿ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸೀಸನ್ ಮುಗಿಸಿಕೊಂಡು ನಿಧಾನವಾಗಿ ಬಾ. ನಾನು ಇನ್ನೊಮ್ಮೆ ಕರೆಯುವುದಿಲ್ಲ.

ಕೃಷ್ಣಯ್ಯ


ಬುಸಾನ್
27 ಮೇ 2005

ಭಾವ,

ಈ ಪತ್ರ ಕೈಗೆ ಬಂದ ಕೂಡಲೇ ಅಕ್ಕನ ಎದುರು ಕೂತು ಗಟ್ಟಿಯಾಗಿ ಓದಿ.

ಅಕ್ಕ, ನಿನ್ನ ನಾಲಿಗೆ ಸರಿಯಾಗಿತ್ತು. ಕಹಿ ಇದ್ದದ್ದು ಕ್ಯಾಂಡಿಯಲ್ಲಿ.

ಸಕ್ಕರೆ ಹಾಕಿದರೂ ಹೋಗದ ಕಹಿ ಎಂಥದ್ದೆಂದು ನೋಡಲು ನಾನೇ ಮಾಡಿದೆ. ನಿಮಗೆ ಬರೆದ ಹಾಗೆಯೇ, ಹಸಿ ಹಣ್ಣು, ಇಂಗಿಸಿದ ಹಾಲು. ರುಬ್ಬಿದಾಗ ಅಮೃತ. ಹಲ್ಮೊನಿಯ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಒಂದು ಚಮಚ ಬಾಯಿಗಿಟ್ಟರೆ ಕಹಿ. ಅಕ್ಕನ ಕಾಯಿಲೆ ನನಗೂ ಬಂತೆಂದು ಒಂದು ಕ್ಷಣ ನಿಜವಾಗಿಯೂ ಅಂದುಕೊಂಡೆ. ಹಲ್ಮೊನಿಗೆ ಕೊಟ್ಟೆ. ಅವಳು ಥೂ ಎಂದು ಉಗಿದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಹಣ್ಣನ್ನು ಸಕ್ಕರೆಯೊಂದಿಗೆ ಕುದಿಸಿ, ಆರಿಸಿ, ಹಾಲಿಗೆ ಬೆರೆಸಿ ಇಟ್ಟೆ. ಅದು ಕಹಿಯಾಗಲಿಲ್ಲ. ಹಸಿ ಕರಬೂಜ ಹಾಲಿನಲ್ಲಿ ನಿಂತರೆ ಹಾಲನ್ನು ಕೆಡಿಸುತ್ತದೆ. ಚಿಕ್ಕಗಂಗಮ್ಮ ನೋಡಿದ್ದು ರುಬ್ಬಿದ ತಕ್ಷಣ. ಬೇಯಿಸಬೇಡಿ ಎಂದು ಅಡುಗೆಯವನಾಗಿ ಹೇಳಿದವನು ನಾನು.

ಆಂಟಿಯ ಮನೆಗೆ ಫೋನ್ ಮಾಡಿದೆ. "ಎಲ್ರೂ ಆಸ್ಪತ್ರೇಲಿದಾರೆ ಕಣಪ್ಪ" ಎಂದರು. ಅಕ್ಕನ ನಾಲಿಗೆ ಸರಿಯಾಗಿದೆ, ಕ್ಯಾಂಡಿಯೇ ಕಹಿ ಎಂದು ಹೇಳಿ ಎಂದೆ. "ಈಗೇನ್ ಕ್ಯಾಂಡಿ ವಿಷ್ಯ ಸಿದ್ದೂ, ನಿಂಗೆ ಬುದ್ಧಿ ಇದ್ಯಾ" ಎಂದು ಬೈದು ಇಟ್ಟುಬಿಟ್ಟರು. ಆದ್ದರಿಂದ ಬರೆಯುತ್ತಿದ್ದೇನೆ.

ಇನ್ನೊಂದು. ಹೋಟೆಲಿಗೆ ಸೀಸನ್ ಎಂದು ಬರೆದದ್ದು ಸುಳ್ಳು. ಆ ಹೋಟೆಲ್ ಫೆಬ್ರವರಿಯಲ್ಲೇ ಮುಚ್ಚಿತು. ನನ್ನ ವೀಸಾ ಆ ಮಾಲೀಕರ ಹೆಸರಿನಲ್ಲಿತ್ತು, ಅದೂ ಹೋಯಿತು. ಈಗ ಮೀನಿನ ಮಾರ್ಕೆಟ್ಟಿನ ಹಿಂದೆ ಒಂದು ಅಡುಗೆಮನೆಯಲ್ಲಿ ಕದ್ದು ಕೆಲಸ ಮಾಡುತ್ತಿದ್ದೇನೆ. ಹೊರಟರೆ ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ. ಆ ಭಯಕ್ಕೆ ಬರಲಿಲ್ಲ. ಈಗ ಆ ಭಯವೂ ಬಿಟ್ಟಿದೆ. ನಾನಾಗಿಯೇ ಹೋಗಿ ಇಲ್ಲಿನ ವೀಸಾ ಕಚೇರಿಯಲ್ಲಿ ಹೆಸರು ಕೊಟ್ಟಿದ್ದೇನೆ. ವಿಚಾರಣೆ ಮುಗಿಸಿ ಕಳಿಸುತ್ತಾರಂತೆ, ಎಷ್ಟು ದಿನವೋ ಹೇಳಲಿಲ್ಲ.

ಅಕ್ಕ, ಗಂಜಿ ಕುಡಿ. ಉಪ್ಪು ಕಡಿಮೆ ಅನ್ನಿಸಿದರೆ ಅದು ಕಡಿಮೆಯೇ ಇದೆ. ಹಾಕಿಸಿಕೋ.

ಸಿದ್ದು


ಕಾಮಾಕ್ಷಿಪಾಳ್ಯ
26 ಜೂನ್ 2005

ಚಿರಂಜೀವಿ ಸಿದ್ದೇಶನಿಗೆ,

ಆ ದಿನ ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು, ಅವಳು ಹೋದಳು ಎಂದು. ನೀನು ಅಳುತ್ತಾ "ಅಕ್ಕಂಗೆ ಹೇಳಿದ್ರಾ ಭಾವ, ಹೇಳಿದ್ರಾ" ಎಂದು ಕೇಳಿದೆ. ಆಂಟಿಯ ಮನೆಯಲ್ಲಿ ಜನ ತುಂಬಿದ್ದರು, ನನಗೆ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ.

ಹೇಳಿದೆ. ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕಳಿಸಿದ್ದರು. ಅದರ ಮಾರನೆಯ ದಿನ ಬೆಳಿಗ್ಗೆ ನಿನ್ನ ಪತ್ರ ಬಂತು. ಎದುರಿಗೆ ಕೂತು ಗಟ್ಟಿಯಾಗಿ ಓದಿದೆ. ಚಿಕ್ಕಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ನಾನ್ ಹಾಳಾದೋಳು, ಆವತ್ತು ಒಂದ್ ಕಚ್ಚಿದ್ರೆ ಆಗ್ತಿತ್ತು" ಎಂದು ತಲೆ ಚಚ್ಚಿಕೊಂಡಳು. ಶಶಿಕಲಾ ಅವಳಿಗೆ ಸುಮ್ಮನಿರು ಎಂದು ಕೈ ಮಾಡಿ, ನನ್ನ ಹತ್ತಿರ ಸ್ಲೇಟು ಕೇಳಿದಳು.

"ನೀವು ತಿನ್ನಿ" ಎಂದು ಬರೆದಳು.

ಸಕ್ಕರೆ ಹೆಚ್ಚು ಹಾಕಿ ಮಾಡಿದ್ದು ಕಾರ್ಖಾನೆಯ ಐಸ್ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಮಾರಲು ಮನಸ್ಸು ಬಂದಿರಲಿಲ್ಲ, ಎಸೆಯಲೂ ಬಂದಿರಲಿಲ್ಲ.

"ಹರಕೆ ಕಣೇ," ಎಂದೆ.

"ಯಾರ್ ಸಲುವಾಗಿ?"

"ನಿನ್ ಸಲುವಾಗಿ."

"ನಾನೇ ಹೇಳ್ತಿದೀನಿ. ತಿನ್ನಿ."

ಸಿದ್ದೇಶ, ನಾನು ತಕ್ಷಣ ತಿನ್ನಲಿಲ್ಲ. ತಿಂದರೆ ಅವಳು ಹುಷಾರಾಗುವುದಿಲ್ಲ ಎಂದು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ತಿನ್ನದಿದ್ದರೆ ಅವಳ ಮಾತನ್ನು ಮತ್ತೊಮ್ಮೆ ನಂಬಲಿಲ್ಲ ಎಂದ ಹಾಗೆ. ಅವಳಿಗೆ ನನ್ನ ಕಷ್ಟ ಗೊತ್ತಾಗುತ್ತಿತ್ತು. ಆದರೂ ಸ್ಲೇಟನ್ನು ಕೆಳಗಿಳಿಸಲಿಲ್ಲ. ಕೊನೆಗೆ ಹೋಗಿ ಒಂದು ತಂದು, ಅವಳು ನೋಡುತ್ತಿರುವಂತೆ ಕಚ್ಚಿದೆ.

ಮೊದಲು ಸಿಹಿ ಬಂತು. ಹಿಂದೆಯೇ ಕಹಿ. ಹಾಗಲಕಾಯಿಯ ಕಹಿಯಲ್ಲ, ನುಂಗಿದ ಮೇಲೂ ಗಂಟಲ ಹಿಂದೆ ಕೂತುಕೊಳ್ಳುವ ಕಹಿ.

"ಕಹಿ ಕಣೇ," ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಬರೆದಳು, "ಸಕ್ರೇನೂ ಜಾಸ್ತಿ."

ಅಂದು ಸಂಜೆ ತಾನಾಗಿ ಗಂಜಿ ಕೇಳಿ ಸ್ವಲ್ಪ ಕುಡಿದಳು. ಮರುದಿನ ನಾನು ಕರಬೂಜ ಹುಡುಕಿಕೊಂಡು ಹೋದೆ. ಕಾಲ ಮುಗಿದಿತ್ತು. ವಿಜಯನಗರದಲ್ಲಿ ಸಿಗಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಒಂದು ಅಂಗಡಿಯಲ್ಲಿ ಬಾಡಿದ್ದೊಂದು ಸಿಕ್ಕಿತು. ಕುದಿಸಿ ಮಾಡಿದೆ. ಅವಳು ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ, ಮೊದಲಿನ ಹಾಗೆಯೇ ಸಮಯ ತೆಗೆದುಕೊಂಡಳು. "ಹಣ್ಣು ಸಪ್ಪೆ. ಹಾಲು ಸರಿಯಾಗಿದೆ. ಬೇಯಿಸಿದ್ದೇ ಸರಿ, ಸಿದ್ದೂಗೆ ಹೇಳಿ." ನಿನಗೆ ತಲುಪಿಸಬೇಕಾದದ್ದು ಇಷ್ಟು. ತಲುಪಿಸಿದ್ದೇನೆ.

ಅದಾದ ಮೇಲೆ ಜ್ವರ ಬಂದು ಎದೆಗೆ ಇಳಿಯಿತು. ಐಸ್ ತಿನ್ನಿಸಿದ್ದರಿಂದಲೇ ಹಾಗಾಯಿತು ಎಂದು ಬಂದವರಲ್ಲಿ ಕೆಲವರು ಹೇಳಿಕೊಂಡರು. ಹರಕೆ ಮುರಿದದ್ದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಅದನ್ನೂ ಹೇಳುತ್ತಿದ್ದರು. ನಾನು ಮಾಗಡಿಗೆ ಹೋಗಿ ರಂಗನಾಥನ ಎದುರು ನಿಂತು ಬಂದೆ. ಏನು ಕೇಳಬೇಕೆಂದು ಹೊಳೆಯಲಿಲ್ಲ. ಬೇಯಿಸಬೇಡಿ ಎಂದ ಮಾತನ್ನು ನೀನು ಹೊತ್ತುಕೊಂಡು ತಿರುಗಬೇಡ. ಅವಳು ಎರಡು ಸಲ ಕಹಿ ಎಂದಾಗ ಎದುರಿಗಿದ್ದವನು ನಾನು. ಮೇ ತಿಂಗಳಲ್ಲಿ ನಾನು ಬರೆದ ಪತ್ರವನ್ನು ಹರಿದುಹಾಕು.

ವಿಚಾರಣೆ ಮುಗಿಸಿ ಅಲ್ಲಿಯವರು ಕಳಿಸಿದಾಗ ನೇರವಾಗಿ ಮನೆಗೆ ಬಾ. ನಿನ್ನ ಕೋಣೆ ಗುಡಿಸಿ ಇಟ್ಟಿದೆ.

ಕಾರ್ಖಾನೆ ಮತ್ತೆ ಶುರು ಮಾಡಿದ್ದೇನೆ. ರುಚಿ ಈಗ ನಾನೇ ನೋಡುತ್ತೇನೆ. ಇಷ್ಟು ತಿಂಗಳು ಸಿಹಿ ಬಿಟ್ಟದ್ದರಿಂದಲೋ ಏನೋ, ಒಂದು ಚಮಚ ಬಾಯಿಗಿಟ್ಟರೆ ನನಗೆ ಮುಖ ಕಟ್ಟುತ್ತದೆ, ಸಕ್ಕರೆ ಸಾಕು ಅನ್ನಿಸುತ್ತದೆ. ನಂದಿನಿ ಲೇಔಟ್ ಕಡೆಗೆ ಹೋಗುವ ಗಾಡಿಯ ಮಡಿವಾಳಪ್ಪ ನೆನ್ನೆ ಅರ್ಧ ಮಾಲು ವಾಪಸು ತಂದ. "ಯಜಮಾನ್ರೇ, ಸಿಹಿನೇ ಇಲ್ಲ, ಹುಡುಗ್ರು ಬಯ್ತಾವೆ" ಎನ್ನುತ್ತಾನೆ. ಇಂದು ಬೆಳಿಗ್ಗೆ ಒಂದು ಹಿಡಿ ಹೆಚ್ಚು ಹಾಕಿ, ಚಮಚ ಹಿಡಿದು, ತೊಟ್ಟಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಸರಿಯಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಹಾಗೆಯೇ ಅಚ್ಚಿಗೆ ಹಾಕಿದೆ.

ಕೃಷ್ಣಯ್ಯ